ಕಳೆಯುವ ಆದೇಶವಿಲ್ಲದ ಕಂಪ್ಯೂಟರ್: ಪಿಡಿಪಿ-8

ಪ್ರಶ್ನೆ: ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಪಿಡಿಪಿ-8 ಜಗತ್ತಿನ ಮೊದಲ ಮಿನಿಕಂಪ್ಯೂಟರ್ ಎಂದು ಒಂದು ಕಡೆ ಓದಿದೆ, ಅಲ್ಲ ಎಂದು ಇನ್ನೊಂದು ಕಡೆ. ಅದರಲ್ಲಿ ಎಂಟೇ ಆದೇಶಗಳಂತೆ, ಕಳೆಯುವ ಆದೇಶವೇ ಇಲ್ಲವಂತೆ, ಮೆಮೊರಿ 4096 ವರ್ಡ್ ಮಾತ್ರವಂತೆ. ಇಷ್ಟರಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು? ಹುಡುಗರಿಗೆ ಇದನ್ನು ನಡೆಸಿ ತೋರಿಸಬಹುದೇ? ವಿದೇಶದಲ್ಲಿ ಇದೇ ಕುಟುಂಬದ ಹಳೆಯ 8/ಇ ಯಂತ್ರವೊಂದು ಮಾರಾಟಕ್ಕಿದೆ, ತರಿಸುವುದು ಜಾಣತನವೇ?

ಉತ್ತರ: ಮೊದಲನೆಯದು ಅಲ್ಲ. ಕಂಟ್ರೋಲ್ ಡೇಟಾ ಕಂಪನಿಯ 160 ಎಂಬ 12 ಬಿಟ್‌ನ ಯಂತ್ರ ಮೇಜಿನ ಆಕಾರದಲ್ಲೇ 1960ರಲ್ಲಿ ಬಂದಿತ್ತು. ಎಂಐಟಿಯ ಲಿಂಕನ್ ಪ್ರಯೋಗಾಲಯದಲ್ಲಿ ವೆಸ್ಲಿ ಕ್ಲಾರ್ಕ್ ಮತ್ತು ಚಾರ್ಲ್ಸ್ ಮೋಲ್ನರ್ 1962ರಲ್ಲಿ ‘ಲಿಂಕ್’ ಎಂಬ ಕಂಪ್ಯೂಟರ್ ಮಾಡಿ ಮುಗಿಸಿದ್ದರು, ಅದೂ 12 ಬಿಟ್. ಪಿಡಿಪಿ-8ನ್ನು ಮಾಡಿದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ (ಮುಂದೆ ಡೆಕ್ ಎನ್ನುತ್ತೇನೆ) 1963ರಲ್ಲೇ ಪಿಡಿಪಿ-5 ಮಾರುತ್ತಿತ್ತು. ‘ಮಿನಿಕಂಪ್ಯೂಟರ್’ ಎಂಬ ಮಾತು ಬಳಕೆಗೆ ಬಂದದ್ದು ಈ ಯಂತ್ರಗಳೆಲ್ಲ ಬಂದಮೇಲೆ, ಹಾಗಾಗಿ ‘ಮೊದಲನೆಯದು ಯಾವುದು’ ಎಂಬ ಜಗಳಕ್ಕೆ ಕೊನೆಯಿಲ್ಲ. ತರಗತಿಯಲ್ಲಿ ‘ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾದ ಮೊದಲ ಮಿನಿಕಂಪ್ಯೂಟರ್ ಮಾದರಿ’ ಎಂದು ಹೇಳಿ, ಯಾರೂ ತಪ್ಪು ಹಿಡಿಯಲಾರರು. ಇಡೀ ಪಿಡಿಪಿ-8 ಕುಟುಂಬದಿಂದ ಮಾರಾಟವಾದದ್ದು 50,000ಕ್ಕೂ ಹೆಚ್ಚು.

ಮಾರಾಟವಾಗಲು ಕಾರಣ ಬೆಲೆ. 1965ರ ಮಾರ್ಚ್ 22ರಂದು ಪ್ರಕಟವಾದಾಗ 4096 ವರ್ಡ್ (ಇದರಲ್ಲಿ ಒಂದು ವರ್ಡ್ ಎಂದರೆ 12 ಬಿಟ್) ಮೆಮೊರಿಯೊಂದಿಗೆ ಅದರ ಬೆಲೆ 18,000 ಡಾಲರ್. ರೂಪಾಯಿಯ ಅಪಮೌಲ್ಯಕ್ಕೆ ಮುಂಚಿನ ದರ ಡಾಲರಿಗೆ 4.76 ರೂಪಾಯಿ, ಅದರಂತೆ ಸುಮಾರು 86 ಸಾವಿರ ರೂಪಾಯಿ. ದೊಡ್ಡ ಮೊತ್ತವೇ. ಆದರೆ ಒಂದು ಪ್ರಯೋಗಾಲಯದ ಮುಖ್ಯಸ್ಥ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮುಂದೆ ಹೋಗದೆ, ತನ್ನ ಉಪಕರಣಗಳ ಅನುದಾನದಲ್ಲೇ ಕೊಳ್ಳಬಹುದಾದ ಬೆಲೆ. ಇನ್ನೂ ಮುಖ್ಯ ಸಂಗತಿಯೆಂದರೆ, ಅಳತೆಯ ಉಪಕರಣ, ಅಚ್ಚುಮೊಳೆ ಜೋಡಿಸುವ ಯಂತ್ರ, ಕಾರ್ಖಾನೆಯ ನಿಯಂತ್ರಣ ವ್ಯವಸ್ಥೆ ಮಾಡುವ ಬೇರೆ ಕಂಪನಿಗಳು ಇದನ್ನು ಸಗಟಾಗಿ ಕೊಂಡು ತಮ್ಮ ಯಂತ್ರದ ಹೊಟ್ಟೆಯಲ್ಲಿ ಇಟ್ಟು ಮಾರಿದವು. ಕಂಪ್ಯೂಟರ್ ಒಂದು ಬಿಡಿಭಾಗವಾದದ್ದು ಇಲ್ಲಿಂದ. ಇಂದು ವಾಷಿಂಗ್ ಮೆಷಿನ್ನಿನೊಳಗಿರುವ ಚಿಪ್‌ಗೆ ವಂಶವೃಕ್ಷ ಬರೆದರೆ ಈ ಹೆಸರು ಬರಲೇಬೇಕು.

ಬೆಲೆ ಹೇಗೆ ಇಳಿಯಿತು ಎನ್ನುವುದರಲ್ಲೇ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರವಿದೆ.

ಡೆಕ್ ಕಂಪನಿಯನ್ನು ಕೆನ್ ಓಲ್ಸನ್ ಮತ್ತು ಹಾರ್ಲನ್ ಆ್ಯಂಡರ್ಸನ್ 1957ರಲ್ಲಿ ಮ್ಯಾಸಚೂಸೆಟ್ಸ್‌ನ ಮೇನಾರ್ಡ್ ಎಂಬ ಊರಿನ ಹಳೆಯ ಉಣ್ಣೆ ಗಿರಣಿಯಲ್ಲಿ 70,000 ಡಾಲರ್ ಬಂಡವಾಳದಿಂದ ಆರಂಭಿಸಿದರು. ‘ಕಂಪ್ಯೂಟರ್’ ಎಂದರೆ ಬಂಡವಾಳದಾರರು ಬೆಚ್ಚುತ್ತಿದ್ದ ಕಾಲ, ಅದಕ್ಕೇ ‘ಪ್ರೋಗ್ರಾಮ್ಡ್ ಡೇಟಾ ಪ್ರೊಸೆಸರ್’ ಎಂಬ ಹೆಸರು, ಅಂದರೆ ಪಿಡಿಪಿ. ಕೆನಡಾದ ಚಾಕ್ ರಿವರ್ ಪರಮಾಣು ಪ್ರಯೋಗಾಲಯಕ್ಕೆ ರಿಯಾಕ್ಟರಿನ ಅಳತೆಗಳನ್ನು ಸಂಗ್ರಹಿಸಿ ದೊಡ್ಡ ಯಂತ್ರಕ್ಕೆ ದಾಟಿಸುವ ಒಂದು ಪೆಟ್ಟಿಗೆ ಬೇಕಿತ್ತು. ಆ ಒಂದೇ ಕೆಲಸಕ್ಕೆ ತಂತಿ ಬಿಗಿದ ಪೆಟ್ಟಿಗೆ ಮಾಡುವ ಬದಲು ಸಣ್ಣ ಕಂಪ್ಯೂಟರನ್ನೇ ಮಾಡೋಣ ಎಂದು ಗಾರ್ಡನ್ ಬೆಲ್ ಮತ್ತು ಎಡ್ಸನ್ ಡಿ ಕ್ಯಾಸ್ಟ್ರೊ ಪಿಡಿಪಿ-5 ರೂಪಿಸಿದರು. ಅದರ ಬೆಲೆ 27,000 ಡಾಲರ್. ಹಣ ಉಳಿಸಲು ಪ್ರೋಗ್ರಾಂ ಕೌಂಟರನ್ನು (ಮುಂದಿನ ಆದೇಶದ ವಿಳಾಸವನ್ನು) ಕೂಡ ಪ್ರೊಸೆಸರಿನೊಳಗಿನ ಪ್ರತ್ಯೇಕ ರಿಜಿಸ್ಟರಿನಲ್ಲಿಡದೆ ಮೆಮೊರಿಯ ಸೊನ್ನೆಯ ವಿಳಾಸದಲ್ಲಿ ಇಟ್ಟಿದ್ದರು! ಹಾಗಾಗಿ ಪ್ರತಿ ಆದೇಶಕ್ಕೂ ಮೆಮೊರಿಗೆ ಒಂದು ಸುತ್ತು ಹೆಚ್ಚು. ಡಿ ಕ್ಯಾಸ್ಟ್ರೊ ಮುಖ್ಯ ಎಂಜಿನಿಯರಾಗಿದ್ದ ಪಿಡಿಪಿ-8 ಆದೇಶಗಳನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಂಡು ಕೌಂಟರಿಗೆ ಸ್ವಂತ ಜಾಗ ಕೊಟ್ಟಿತು, 1.5 ಮೈಕ್ರೊಸೆಕೆಂಡಿನ ಮೆಮೊರಿ ತಂದಿತು. ‘ಫ್ಲಿಪ್ ಚಿಪ್’ ಎಂಬ ಸಣ್ಣ ಕಾರ್ಡುಗಳಲ್ಲಿ ಟ್ರಾನ್ಸಿಸ್ಟರ್, ಡಯೋಡ್ ಕೂರಿಸಿ, ಅವುಗಳ ಹಿಂಬದಿಯ ಸಾವಿರಾರು ತಂತಿಗಳನ್ನು ಸುತ್ತುವ ಕೆಲಸ ಯಂತ್ರಕ್ಕೆ ವಹಿಸಿದರು. ಅಲ್ಲಿಯವರೆಗೆ ಅದು ಕೈಗೆಲಸ, ದುಬಾರಿ, ತಪ್ಪೂ ಹೆಚ್ಚು.

12 ಬಿಟ್ ಯಾಕೆ? ಆಗಿನ ಮೆಮೊರಿ ಎಂದರೆ ತಂತಿಯಲ್ಲಿ ಪೋಣಿಸಿದ ಫೆರೈಟ್ ಬಳೆಗಳು, ಒಂದು ಬಿಟ್‌ಗೆ ಒಂದು ಬಳೆ. 64 ಸಾಲು, 64 ಕಂಬಸಾಲಿನ ಒಂದು ಹಾಳೆ ಎಂದರೆ 4096 ಬಳೆ. ವರ್ಡ್‌ನಲ್ಲಿ ಎಷ್ಟು ಬಿಟ್ ಇದೆಯೋ ಅಷ್ಟು ಹಾಳೆ, ಅಷ್ಟು ಸೆನ್ಸ್ ಆ್ಯಂಪ್ಲಿಫೈಯರ್ (ಬಳೆಯಿಂದ ಬರುವ ಸಣ್ಣ ಸಂಕೇತವನ್ನು ಓದುವ ಸರ್ಕ್ಯೂಟ್), ಅಷ್ಟು ಅಗಲದ ರಿಜಿಸ್ಟರ್. 18 ಬಿಟ್‌ನಿಂದ 12ಕ್ಕೆ ಇಳಿದರೆ ಯಂತ್ರದ ಮೂರನೇ ಒಂದು ಪಾಲು ಮಾಯ. ಪ್ರಯೋಗಾಲಯದ ಅನಲಾಗ್ ಅಳತೆಗಳಿಗೆ 10-12 ಬಿಟ್ ನಿಖರತೆ ಸಾಕಾಗುತ್ತಿತ್ತು.

ಆದರೆ ಆದೇಶವೂ ಅದೇ 12 ಬಿಟ್‌ನಲ್ಲಿ ಹಿಡಿಸಬೇಕಲ್ಲ. ಮೊದಲ 3 ಬಿಟ್ ಆದೇಶದ ಸಂಖ್ಯೆ, ಹಾಗಾಗಿ ಎಂಟೇ ಬಗೆ. ಮುಂದಿನ ಒಂದು ಬಿಟ್ ‘ನೇರ ವಿಳಾಸವೋ, ವಿಳಾಸದ ವಿಳಾಸವೋ’ ಎಂದು ಹೇಳುತ್ತದೆ. ಇನ್ನೊಂದು ಬಿಟ್ ‘ಸೊನ್ನೆ ಪುಟವೋ, ಈಗಿರುವ ಪುಟವೋ’ ಎಂದು. ಉಳಿದ 7 ಬಿಟ್‌ನಲ್ಲಿ 128 ವಿಳಾಸ, ಅದೇ ಒಂದು ಪುಟ. ಇಡೀ 4096 ವರ್ಡ್‌ಗಳು 32 ಪುಟಗಳಾಗುತ್ತವೆ. ಆದೇಶವೊಂದು ನೇರವಾಗಿ ಮುಟ್ಟಬಹುದಾದದ್ದು ಎರಡೇ ಪುಟ, ಸೊನ್ನೆಯದು ಮತ್ತು ತಾನಿರುವುದು. ಬೇರೆ ಪುಟಕ್ಕೆ ಹೋಗಲು ವಿಳಾಸವನ್ನು ಹತ್ತಿರದ ಒಂದು ವರ್ಡ್‌ನಲ್ಲಿ ಬರೆದಿಟ್ಟುಕೊಂಡು ಅದರ ಮೂಲಕ ಹೋಗಬೇಕು.

ಎಂಟು ಆದೇಶಗಳಿವು (ಸಂಖ್ಯೆಗಳೆಲ್ಲ ಆಕ್ಟಲ್, ಅಂದರೆ 0ರಿಂದ 7ರವರೆಗಿನ ಅಂಕಿಗಳಲ್ಲಿ, ಒಂದು ಅಂಕಿಗೆ 3 ಬಿಟ್): 0 ಆ್ಯಂಡ್, 1 ಟ್ಯಾಡ್, ಅಂದರೆ ಅಕ್ಯುಮುಲೇಟರಿಗೆ (ಲೆಕ್ಕ ನಡೆಯುವ ರಿಜಿಸ್ಟರಿಗೆ) ಕೂಡು, 2 ಐಎಸ್‌ಝಡ್, ಮೆಮೊರಿಯಲ್ಲಿರುವುದಕ್ಕೆ ಒಂದು ಕೂಡಿಸಿ ಸೊನ್ನೆಯಾದರೆ ಮುಂದಿನ ಆದೇಶ ಬಿಟ್ಟು ಹೋಗು, 3 ಡಿಸಿಎ, ಮೆಮೊರಿಗೆ ಇಟ್ಟು ಅಕ್ಯುಮುಲೇಟರನ್ನು ಸೊನ್ನೆ ಮಾಡು, 4 ಜೆಎಂಎಸ್, ಉಪಪ್ರೋಗ್ರಾಂ ಕರೆ, 5 ಜಂಪ್, 6 ಹೊರಗಿನ ಸಾಧನಗಳಿಗೆ, 7 ‘ಆಪರೇಟ್’. ಈ ಏಳನೆಯದೇ ಯಂತ್ರದ ಜೀವಾಳ. ಇದಕ್ಕೆ ವಿಳಾಸ ಬೇಕಿಲ್ಲ, ಆದ್ದರಿಂದ ಉಳಿದ 9 ಬಿಟ್‌ಗಳಿಗೆ ಒಂದೊಂದು ಸಣ್ಣ ಕೆಲಸ ಹಚ್ಚಿದ್ದಾರೆ. 7200 ಅಕ್ಯುಮುಲೇಟರ್ ಅಳಿಸುತ್ತದೆ. 7100 ಲಿಂಕ್ ಎಂಬ ಹದಿಮೂರನೇ ಬಿಟ್ಟನ್ನು ಅಳಿಸುತ್ತದೆ. 7040 ಎಲ್ಲ ಬಿಟ್‌ಗಳನ್ನು ತಿರುಗುಮುರುಗು ಮಾಡುತ್ತದೆ (0 ಇದ್ದಲ್ಲಿ 1, 1 ಇದ್ದಲ್ಲಿ 0), 7020 ಲಿಂಕನ್ನು ಮಾತ್ರ. 7001 ಒಂದು ಕೂಡಿಸುತ್ತದೆ. 7004 ಎಡಕ್ಕೆ, 7010 ಬಲಕ್ಕೆ ಸರಿಸುತ್ತದೆ, 7002 ಬಿಟ್ ಜೊತೆಗಿದ್ದರೆ ಎರಡು ಹೆಜ್ಜೆ. ಬೇಕಾದ್ದನ್ನು ಸೇರಿಸಿ ಒಂದೇ ಆದೇಶ ಮಾಡಬಹುದು. ಅಳಿಸುವುದು ಮೊದಲು, ತಿರುಗಿಸುವುದು ಆಮೇಲೆ, ಒಂದು ಕೂಡಿಸುವುದು ಅದರ ನಂತರ, ಸರಿಸುವುದು ಕೊನೆಗೆ, ಇದೇ ಕ್ರಮ.

ಹಾಗಾಗಿ 7041 ಎಂದರೆ ‘ತಿರುಗಿಸಿ ಒಂದು ಕೂಡು’, ಅಂದರೆ ಋಣಸಂಖ್ಯೆ ಸಿದ್ಧ. ಕಳೆಯುವ ಆದೇಶ ಯಾಕೆ ಬೇಕು? ಬಿ-ಯನ್ನು ತಂದು 7041 ಮಾಡಿ ಎ-ಯನ್ನು ಕೂಡಿದರೆ ಎ ಮೈನಸ್ ಬಿ. ‘ಆರ್’ (ಎರಡರಲ್ಲಿ ಒಂದಾದರೂ 1 ಇದ್ದರೆ 1) ಆದೇಶವೂ ಇಲ್ಲ: ಬಿ-ಯನ್ನು ತಂದು 7040ರಿಂದ ತಿರುಗಿಸಿ, ಎ ಜೊತೆ ಆ್ಯಂಡ್ ಮಾಡಿ, ಮತ್ತೆ ಬಿ ಕೂಡಿ. ಎರಡರಲ್ಲೂ 1 ಇರುವ ಬಿಟ್ ಮೊದಲೇ ಕಳಚಿರುವುದರಿಂದ ಕೂಡುವಾಗ ಹಾಸಲು (ಕ್ಯಾರಿ) ಬರುವುದೇ ಇಲ್ಲ. ಇದನ್ನು ಹುಡುಗರಿಗೆ ಒಗಟಾಗಿ ಕೊಡಿ, ಬೂಲಿಯನ್ ಬೀಜಗಣಿತ ಒಂದೇ ದಿನದಲ್ಲಿ ತಲೆಗೆ ಹತ್ತುತ್ತದೆ. ಮೆಮೊರಿ ಮುಟ್ಟದೆಯೇ ಸಣ್ಣ ಸ್ಥಿರಾಂಕಗಳನ್ನು ಹುಟ್ಟಿಸುವುದು ಆಗಿನವರ ಇನ್ನೊಂದು ಚಟ: 7240 ಎಂದರೆ ಮೈನಸ್ 1, 7326 ಎಂದರೆ 2. ಎರಡನೆಯದರಲ್ಲಿ ಎಲ್ಲ ಅಳಿಸಿ, ಲಿಂಕನ್ನು ತಿರುಗಿಸಿ 1 ಮಾಡಿ, ಆ 1ನ್ನು ಎರಡು ಸಲ ಎಡಕ್ಕೆ ಸರಿಸಿ ಅಕ್ಯುಮುಲೇಟರಿನೊಳಗೆ ತಂದದ್ದು. ಎಡ, ಬಲ ಎರಡನ್ನೂ ಒಟ್ಟಿಗೆ ಹಾಕಿದರೆ ಮಾತ್ರ ಮಾದರಿಯಿಂದ ಮಾದರಿಗೆ ಬೇರೆ ಉತ್ತರ ಬರುತ್ತದೆ, ಆ ಚಮತ್ಕಾರಕ್ಕೆ ಹೋಗಬೇಡಿ.

ಉಪಪ್ರೋಗ್ರಾಂ ಕರೆಯ ರೀತಿ ಇಂದಿನವರಿಗೆ ವಿಚಿತ್ರ ಎನಿಸುತ್ತದೆ. ಮರಳುವ ವಿಳಾಸಗಳನ್ನು ಒಂದರ ಮೇಲೊಂದು ಪೇರಿಸಿಡುವ ಸ್ಟ್ಯಾಕ್ ಇಲ್ಲ. ಜೆಎಂಎಸ್ ಮರಳಬೇಕಾದ ವಿಳಾಸವನ್ನು ಉಪಪ್ರೋಗ್ರಾಮಿನ ಮೊದಲ ವರ್ಡ್‌ನಲ್ಲೇ ಬರೆದು ಅದರ ಮುಂದಿನ ವರ್ಡ್‌ನಿಂದ ಓಡುತ್ತದೆ. ಮರಳುವಾಗ ಆ ಮೊದಲ ವರ್ಡ್‌ನ ಮೂಲಕ ಜಂಪ್. ಇದರ ಎರಡು ಪರಿಣಾಮಗಳು: ಉಪಪ್ರೋಗ್ರಾಂ ತನ್ನನ್ನೇ ಕರೆದರೆ ಹಳೆಯ ವಿಳಾಸ ಅಳಿದುಹೋಗಿ ಎಂದೂ ಮನೆಗೆ ಬಾರದು, ಮತ್ತು ಇಂಥ ಪ್ರೋಗ್ರಾಮನ್ನು ರಾಮ್ ಅಲ್ಲದ, ಓದಲು ಮಾತ್ರ ಬರುವ ಮೆಮೊರಿಯಲ್ಲಿ ಇಡಲಾಗದು. ಬಳೆಯ ಮೆಮೊರಿಯ ಕಾಲದಲ್ಲಿ ಎರಡನೆಯದು ತೊಂದರೆ ಎನಿಸಿರಲಿಲ್ಲ. ಮೈಕ್ರೊಪ್ರೊಸೆಸರ್ ಕಾಲದಲ್ಲಿ ಅದೇ ಕಾಲಿಗೆ ತೊಡರಿತು.

ಹುಡುಗರು ಖಂಡಿತ ಮಾಡುವ ತಪ್ಪುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಡಿಸಿಎ ಅಕ್ಯುಮುಲೇಟರನ್ನು ಸೊನ್ನೆ ಮಾಡುತ್ತದೆ ಎಂಬುದನ್ನು ಮರೆತು ಒಂದೇ ಬೆಲೆಯನ್ನು ಎರಡು ಕಡೆ ಇಡಲು ಹೋಗುತ್ತಾರೆ, ಎರಡನೆಯದರಲ್ಲಿ ಸೊನ್ನೆ ಕೂತಿರುತ್ತದೆ. 0010ರಿಂದ 0017ರವರೆಗಿನ ವಿಳಾಸಗಳ ಮೂಲಕ ಹೋದಾಗ ಅವು ತಾವಾಗಿ ಒಂದು ಹೆಚ್ಚುತ್ತವೆ, ಅದೂ ಬಳಕೆಗೆ ಮುಂಚೆ. ಆದ್ದರಿಂದ ಪಟ್ಟಿಯ ಆರಂಭಕ್ಕಿಂತ ಒಂದು ಕಡಿಮೆ ವಿಳಾಸ ತುಂಬಿಡಬೇಕು. ಇನ್ನು ಟೆಲಿಟೈಪಿಗೆ (ಕೀಲಿಮಣೆಯೂ ಅಚ್ಚೂ ಇರುವ ಟೈಪ್‌ಯಂತ್ರಕ್ಕೆ) ಅಕ್ಷರ ಕಳಿಸುವಾಗ ‘ಸಿದ್ಧವೇ ಎಂದು ಕಾಯಿ (6041), ಆಮೇಲೆ ಕಳಿಸು (6046)’ ಎಂದು ಬರೆದರೆ ಮೊದಲ ಅಕ್ಷರಕ್ಕೇ ನಿಂತುಹೋಗುತ್ತದೆ. ‘ಸಿದ್ಧ’ ಎಂಬ ಗುರುತು ಮೇಲೇಳುವುದು ಒಂದು ಅಕ್ಷರ ಅಚ್ಚಾಗಿ ಮುಗಿದ ಮೇಲೆ. ಯಂತ್ರ ಆಗಷ್ಟೇ ಶುರುವಾಗಿದ್ದರೆ ಅದು ಏಳುವುದೇ ಇಲ್ಲ. ಮೊದಲು ಕಳಿಸಿ ಆಮೇಲೆ ಕಾಯಬೇಕು, ಅಥವಾ ಆರಂಭದಲ್ಲಿ ಒಂದು ಖಾಲಿ 6046 ಹಾಕಬೇಕು.

ನಡೆಸಿ ತೋರಿಸಲು ಸಿಮ್‌ಎಚ್ ಎಂಬ ಉಚಿತ ಸಿಮ್ಯುಲೇಟರ್ ಇದೆ. ಪಿಡಿಪಿ-8ಕ್ಕೆ ಅದರಲ್ಲಿ ಪ್ರತ್ಯೇಕ ಪ್ರೋಗ್ರಾಂ ಸಿಗುತ್ತದೆ, ಯಾವ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಸಂಖ್ಯೆಗಳನ್ನು ಅದು ಆಕ್ಟಲ್ ಎಂದೇ ತೆಗೆದುಕೊಳ್ಳುತ್ತದೆ. ‘ಡೆಪಾಸಿಟ್’ ಆಜ್ಞೆಯಿಂದ ಈ ಆರು ವರ್ಡ್‌ಗಳನ್ನು ತುಂಬಿ:

0200 – 7300 (ಅಕ್ಯುಮುಲೇಟರ್, ಲಿಂಕ್ ಅಳಿಸು)
0201 – 7001 (ಒಂದು ಕೂಡು)
0202 – 2205 (0205ರಲ್ಲಿರುವುದಕ್ಕೆ ಒಂದು ಕೂಡಿಸು, ಸೊನ್ನೆಯಾದರೆ ಮುಂದಿನದನ್ನು ಬಿಡು)
0203 – 5202 (0202ಕ್ಕೆ ಹೋಗು)
0204 – 5201 (0201ಕ್ಕೆ ಹೋಗು)
0205 – 0000 (ಎಣಿಕೆಯ ಜಾಗ)

‘ಗೋ 200’ ಎಂದರೆ ಓಡುತ್ತದೆ, ಕಂಟ್ರೋಲ್-ಇ ಒತ್ತಿದರೆ ನಿಲ್ಲುತ್ತದೆ. ‘ಎಕ್ಸಾಮಿನ್’ ಆಜ್ಞೆಯಿಂದ ಅಕ್ಯುಮುಲೇಟರ್ ನೋಡಿ, ‘ಸ್ಟೆಪ್’ ಆಜ್ಞೆಯಿಂದ ಒಂದೊಂದೇ ಆದೇಶ ನಡೆಸಿ. ನಿಜವಾದ 8/ಇ ಯಂತ್ರದಲ್ಲಿ ಐಎಸ್‌ಝಡ್‌ಗೆ 2.6, ಜಂಪ್‌ಗೆ 1.2 ಮೈಕ್ರೊಸೆಕೆಂಡ್. ಒಳಸುತ್ತು 4096 ಸಲ ತಿರುಗಲು ಸುಮಾರು 15.6 ಮಿಲಿಸೆಕೆಂಡ್. ಅಂದರೆ ಅಕ್ಯುಮುಲೇಟರಿನ ದೀಪಗಳು ಸೆಕೆಂಡಿಗೆ ಸುಮಾರು 64 ಸಲ ಬದಲಾಗಿ, ಒಂದು ನಿಮಿಷ ನಾಲ್ಕು ಸೆಕೆಂಡಿನಲ್ಲಿ ಪೂರ್ತಿ ಒಂದು ಸುತ್ತು ಹಾಕುತ್ತವೆ. ಕೈಗಡಿಯಾರ ಹಿಡಿದು ಯಂತ್ರದ ವೇಗ ಅಳೆಯುವ ಪ್ರಯೋಗವಿದು. ಸಿಮ್ಯುಲೇಟರಿನಲ್ಲಿ ವೇಗಕ್ಕೆ ಕಡಿವಾಣ ಹಾಕದಿದ್ದರೆ ಲೆಕ್ಕ ತಾಳೆಯಾಗದು.

ಆಮೇಲೆ ಇದೇ ಆರು ವರ್ಡ್‌ಗಳನ್ನು ಒಂದೂ ಬದಲಿಸದೆ 0400ರಿಂದ ತುಂಬಿ ಓಡಿಸಿ. ಆಗಲೂ ಸರಿಯಾಗಿ ಓಡುತ್ತದೆ! 5202 ಎಂದರೆ ‘ಈ ಪುಟದ 002ನೇ ಜಾಗ’ ಎಂದಷ್ಟೇ ಅರ್ಥ. 0200ರ ಪುಟದಲ್ಲಿ ಅದು 0202ರಂತೆ ಕಾಣುವುದು ಕಾಕತಾಳೀಯ. ಪುಟದ ಕಲ್ಪನೆ ಹುಡುಗರಿಗೆ ಹತ್ತುವುದು ಇಲ್ಲೇ. ಕೈಯಿಂದ ಸಂಖ್ಯೆ ಬರೆಯುವಾಗ ಹೆಚ್ಚಿನ ತಪ್ಪುಗಳೂ ಇಲ್ಲೇ ಆಗುತ್ತವೆ: 0405ರಲ್ಲಿರುವುದನ್ನು ಕೂಡಬೇಕೆಂದು ಕೆಲವರು 1205ರ ಬದಲು 1405 ಬರೆಯುತ್ತಾರೆ, ಯಂತ್ರ ಅದನ್ನು ‘ಸೊನ್ನೆ ಪುಟದ 0005ರಲ್ಲಿರುವ ವಿಳಾಸಕ್ಕೆ ಹೋಗಿ ಕೂಡು’ ಎಂದು ಓದುತ್ತದೆ.

ಆಗಿನ ಕಾಲದಲ್ಲಿ ಬೆಳಗ್ಗೆ ಯಂತ್ರ ಶುರು ಮಾಡುವುದು ಹೇಗಿತ್ತು ಎಂದು ತೋರಿಸಲು, ಟೇಪಿನಿಂದ ಮೆಮೊರಿಗೆ ಪ್ರೋಗ್ರಾಂ ತುಂಬುವ ‘ರಿಮ್ ಲೋಡರ್’ಗಿಂತ ಒಳ್ಳೆಯ ಪಾಠವಿಲ್ಲ. ಖಾಲಿ ಯಂತ್ರಕ್ಕೆ ತೂತು ಕೊರೆದ ಕಾಗದದ ಟೇಪ್ ಓದುವುದೂ ಗೊತ್ತಿರದು, ಅದನ್ನು ಸ್ವಿಚ್‌ಗಳಿಂದಲೇ ಕಲಿಸಬೇಕು. ಟೆಲಿಟೈಪ್ ರೀಡರಿಗೆ 7756ರಿಂದ ಕ್ರಮವಾಗಿ ತುಂಬಬೇಕಾದ 17 ವರ್ಡ್‌ಗಳು: 6032, 6031, 5357, 6036, 7106, 7006, 7510, 5357, 7006, 6031, 5367, 6034, 7420, 3776, 3376, 5356, 0000. 8/ಇ ಫಲಕದಲ್ಲಿ ವಿಧಾನ ಹೀಗೆ: 12 ಸ್ವಿಚ್‌ಗಳನ್ನೂ ಸೊನ್ನೆಗಿಟ್ಟು ‘ಎಕ್ಸ್‌ಟೆಂಡೆಡ್ ಅಡ್ರೆಸ್ ಲೋಡ್’ ಒತ್ತಿ. ಸ್ವಿಚ್‌ಗಳಲ್ಲಿ 7756 ಇಟ್ಟು ‘ಅಡ್ರೆಸ್ ಲೋಡ್’. 6032 ಇಟ್ಟು ‘ಡೆಪಾಸಿಟ್’ ಕೀಲಿಯನ್ನು ಮೇಲಕ್ಕೆತ್ತಿ (ಇದೊಂದು ಮಾತ್ರ ಮೇಲಕ್ಕೆ, ಅಪ್ಪಿತಪ್ಪಿ ಕೈ ತಾಗಿ ಮೆಮೊರಿ ಕೆಡದಿರಲೆಂದು). ವಿಳಾಸ ತಾನಾಗಿ ಮುಂದೆ ಹೋಗುತ್ತದೆ, ಉಳಿದವನ್ನೂ ಹಾಗೇ ತುಂಬಿ. ಮತ್ತೆ 7756 ಲೋಡ್ ಮಾಡಿ ‘ಎಕ್ಸಾಮ್’ ಒತ್ತುತ್ತ ಒಂದೊಂದನ್ನೂ ತಾಳೆ ನೋಡಿ, ಸುತ್ತುಗುಂಡಿ ‘ಎಂಡಿ’ಯಲ್ಲಿರಲಿ (ಮೆಮೊರಿಯಲ್ಲಿರುವುದನ್ನು ತೋರಿಸುವ ಸ್ಥಾನ). ಎಲ್ಲ ಸರಿಯಿದ್ದರೆ 7756 ಲೋಡ್, ‘ಕ್ಲಿಯರ್’, ‘ಕಾಂಟ್’. ಒಂದೇ ಆದೇಶ ನಡೆದು ನಿಂತರೆ ‘ಹಾಲ್ಟ್’ ಸ್ವಿಚ್ ಒತ್ತಿಟ್ಟಿದೆ ಎಂದರ್ಥ.

ಈ 17 ವರ್ಡ್‌ಗಳ ಜಾಣತನ ನೋಡಿ. ಟೇಪಿನ ಒಂದು ಸಾಲಿನಲ್ಲಿ 8 ತೂತುಗಳ ಜಾಗವಿದೆ, ಮಾಹಿತಿಗೆ 6 ಮಾತ್ರ. ಓದಿದ್ದನ್ನು ನಾಲ್ಕು ಹೆಜ್ಜೆ ಎಡಕ್ಕೆ ಸರಿಸಿದರೆ ಎಂಟನೇ ತೂತು ಅಕ್ಯುಮುಲೇಟರಿನ ಚಿಹ್ನೆಯ ಬಿಟ್‌ಗೆ ಬಂದು ಕೂರುತ್ತದೆ. ಅದು 1 ಆಗಿದ್ದರೆ ಇದು ಟೇಪಿನ ಖಾಲಿ ತುದಿ, ಬಿಟ್ಟು ಮುಂದೆ ಹೋಗು. ಇನ್ನೆರಡು ಹೆಜ್ಜೆ ಸರಿಸಿದರೆ ಏಳನೇ ತೂತು ಲಿಂಕಿಗೆ ಹೋಗುತ್ತದೆ. ಅದು 1 ಆದರೆ ಬರುತ್ತಿರುವುದು ವಿಳಾಸ, 0 ಆದರೆ ಮಾಹಿತಿ. ಹೋಲಿಕೆಯ ಆದೇಶ ಒಂದೂ ಇಲ್ಲದೆ, ಬಿಟ್‌ಗಳನ್ನು ತಳ್ಳಿಕೊಂಡೇ ಎರಡು ಪ್ರಶ್ನೆ ಕೇಳಿ ಮುಗಿಸಿದ್ದಾರೆ.

ರಿಮ್ ಮೂಲಕ ಬಿನ್ ಎಂಬ ದೊಡ್ಡ ಲೋಡರನ್ನೂ, ಅದರ ಮೂಲಕ ನಿಮ್ಮ ಪ್ರೋಗ್ರಾಮನ್ನೂ ತರುತ್ತಿದ್ದರು. ಬಿನ್ 7777ರಿಂದ ಆರಂಭ. ಓದಿ ನಿಂತಾಗ ಅಕ್ಯುಮುಲೇಟರ್ ಸೊನ್ನೆ ಇರಬೇಕು, ಇಲ್ಲದಿದ್ದರೆ ಚೆಕ್‌ಸಮ್ (ಓದಿದ್ದು ಸರಿಯೇ ಎಂದು ನೋಡುವ ಮೊತ್ತ) ತಪ್ಪಿದೆ, ಟೇಪನ್ನು ಮೊದಲಿನಿಂದ ಹಾಕಿ. ಟೆಲಿಟೈಪಿನ ವೇಗ ಸೆಕೆಂಡಿಗೆ 10 ಸಾಲು, ಒಂದು ವರ್ಡ್‌ಗೆ ಎರಡು ಸಾಲು. ಇಡೀ 4096 ವರ್ಡ್ ತುಂಬಲು ಹದಿಮೂರೂವರೆ ನಿಮಿಷದ ಮೇಲೆ ಬೇಕು. ಸೆಕೆಂಡಿಗೆ 300 ಸಾಲು ಓದುವ ರೀಡರ್ ಇದ್ದವರಿಗೆ ಅರ್ಧ ನಿಮಿಷ. ಸಮಾಧಾನವೆಂದರೆ ಬಳೆಯ ಮೆಮೊರಿ ಕರೆಂಟ್ ಹೋದರೂ ಮರೆಯದು. ದಾರಿ ತಪ್ಪಿದ ಪ್ರೋಗ್ರಾಂ ಮೆಮೊರಿಯ ತುದಿಯನ್ನು ತುಳಿಯದಿದ್ದರೆ ರಿಮ್, ಬಿನ್ ಎರಡೂ ಮರುದಿನ ಅಲ್ಲೇ ಇರುತ್ತಿದ್ದವು.

4096 ವರ್ಡ್‌ನಲ್ಲಿ ಏನು ಹಿಡಿಸುತ್ತಿತ್ತು ಎಂದರೆ: ಫೋಕಲ್ ಎಂಬ ಭಾಷೆ, ದಶಮಾಂಶ ಲೆಕ್ಕದ ಸಮೇತ, ಅಷ್ಟರಲ್ಲೇ ಕೂತು ಬಳಕೆದಾರನ ಪ್ರೋಗ್ರಾಮಿಗೂ ಜಾಗ ಉಳಿಸುತ್ತಿತ್ತು. ಮೆಮೊರಿ ವಿಸ್ತರಣೆಯಿಂದ 4096ರ ಎಂಟು ‘ಫೀಲ್ಡ್’ಗಳವರೆಗೆ, ಅಂದರೆ 32,768 ವರ್ಡ್‌ವರೆಗೆ ಹೋಗಬಹುದಿತ್ತು. ಡಿಸ್ಕ್ ಇದ್ದರೆ ಓಎಸ್/8 ಎಂಬ ಆಪರೇಟಿಂಗ್ ಸಿಸ್ಟಂ. ಅದು ಮೆಮೊರಿಯಲ್ಲಿ ಖಾಯಂ ಹಿಡಿಯುತ್ತಿದ್ದ ಜಾಗ 256 ವರ್ಡ್ ಮಾತ್ರ, ಉಳಿದದ್ದು ಬೇಕಾದಾಗ ಡಿಸ್ಕ್‌ನಿಂದ ಬಂದು ಹೋಗುತ್ತಿತ್ತು. ಸಿಮ್‌ಎಚ್‌ನಲ್ಲಿ ಮೆಮೊರಿ 32ಕೆ ಮಾಡಿ, ಓಎಸ್/8 ಇರುವ ಆರ್‌ಕೆ05 ಡಿಸ್ಕ್ ಕಡತವನ್ನು ಆರ್‌ಕೆ0ಗೆ ‘ಅಟ್ಯಾಚ್’ ಮಾಡಿ ‘ಬೂಟ್ ಆರ್‌ಕೆ0’ ಎಂದರೆ ಒಂದು ಚುಕ್ಕೆ ಮಾತ್ರ ಕಾಣುತ್ತದೆ. ಅದೇ ಅದರ ಪ್ರಾಂಪ್ಟ್, ಕೆಟ್ಟಿದೆ ಎಂದುಕೊಳ್ಳಬೇಡಿ. ದೀಪ, ಸ್ವಿಚ್ ಬೇಕೇಬೇಕು ಎಂದಾದರೆ 8/ಐ ಮಾದರಿಯ ಫಲಕವನ್ನು ಮೂರರಲ್ಲಿ ಎರಡು ಪಾಲು ಗಾತ್ರಕ್ಕೆ ಇಳಿಸಿ, ಹಿಂದೆ ರಾಸ್‌ಬೆರಿ ಪೈ ಕೂರಿಸುವ ಪೈಡಿಪಿ-8/ಐ ಕಿಟ್ ಇದೆ. ಒಳಗೆ ಓಡುವುದು ಅದೇ ಸಿಮ್‌ಎಚ್. ಕಾಲೇಜಿಗೆ ನನ್ನ ಆಯ್ಕೆ ಇದೇ: ಬೆಸುಗೆ ಹಾಕುವುದೂ ಹುಡುಗರಿಗೆ ಒಂದು ಪಾಠ.

ಕುಟುಂಬದ ಉಳಿದ ಕಥೆ ಬೇಗ ಹೇಳಿಬಿಡಬಹುದು. 1966ರ 8/ಎಸ್ ಒಂದೊಂದೇ ಬಿಟ್ ಕೂಡುತ್ತ 10,000 ಡಾಲರಿನ ಕೆಳಗೆ ಇಳಿಯಿತು, ಆದರೆ ಹತ್ತು ಪಟ್ಟಿಗೂ ಹೆಚ್ಚು ನಿಧಾನ. ಅಗ್ಗದ ಆಸೆಗೆ ಅತಿಯಾಗಿ ಕೊಯ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ. 1968ರ 8/ಐ ಚಿಪ್‌ಗಳಿಗೆ ಬಂತು. 1970ರ 8/ಇ ‘ಆಮ್ನಿಬಸ್’ ತಂದಿತು, ಯಾವ ಬೋರ್ಡನ್ನು ಹೆಚ್ಚುಕಡಿಮೆ ಯಾವ ಸೀಳಿನಲ್ಲೂ ಕೂರಿಸುವ 144 ಪಿನ್‌ಗಳ ಬಸ್ (ಬೋರ್ಡುಗಳನ್ನು ಒಂದಕ್ಕೊಂದು ಜೋಡಿಸುವ ತಂತಿಸಾಲು). ಕುಟುಂಬದಲ್ಲಿ ಇದೇ ಅತ್ಯುತ್ತಮ ಯಂತ್ರ. 1975ರಲ್ಲಿ ಇಂಟರ್‌ಸಿಲ್ 6100 ಎಂಬ ಒಂದೇ ಚಿಪ್‌ನಲ್ಲಿ ಇಡೀ ಪಿಡಿಪಿ-8 ಕೂತಿತು. 1980ರ ದಶಕದಲ್ಲಿ ಅದರ ವಾರಸುದಾರ ಚಿಪ್ ‘ಡೆಕ್‌ಮೇಟ್’ ಎಂಬ ಟೈಪಿಂಗ್ ಯಂತ್ರಗಳಲ್ಲಿ ಕಚೇರಿಗಳ ಮೇಜಿನ ಮೇಲಿತ್ತು. ಅಷ್ಟು ಹೊತ್ತಿಗೆ 8 ಬಿಟ್‌ನ ಅಕ್ಷರ ಎಲ್ಲೆಡೆ ರೂಢಿಯಾಗಿತ್ತು, 12 ಅದಕ್ಕೆ ಹೊಂದದ ಸಂಖ್ಯೆ. ಓಎಸ್/8 ಮೂರು ಅಕ್ಷರಗಳನ್ನು ಎರಡು ವರ್ಡ್‌ಗೆ ತುರುಕಬೇಕಾಗಿತ್ತು. ಡಿ ಕ್ಯಾಸ್ಟ್ರೊ 1968ರಲ್ಲೇ ಹೊರನಡೆದು ಡೇಟಾ ಜನರಲ್ ಕಟ್ಟಿ 16 ಬಿಟ್‌ನ ನೋವಾ ಮಾಡಿದ್ದರು. ಡೆಕ್ 1970ರಲ್ಲಿ 16 ಬಿಟ್‌ನ ಪಿಡಿಪಿ-11 ತಂದಿತು.

ನಮ್ಮ ದೇಶದಲ್ಲೂ ಇದೇ ಗಾತ್ರದ ಯೋಚನೆ ನಡೆದಿತ್ತು. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ 1969ರಲ್ಲಿ ಸಿದ್ಧವಾದ ಟಿಡಿಸಿ-12 ಕೂಡ 12 ಬಿಟ್‌ನದೇ. ಹೈದರಾಬಾದಿನ ಇಸಿಐಎಲ್ ಅದನ್ನು ತಯಾರಿಸಿ, ಮುಂದೆ ಟಿಡಿಸಿ-312, 16 ಬಿಟ್‌ನ ಟಿಡಿಸಿ-316 ಮಾಡಿತು. ಕೆನಡಾದಲ್ಲೂ ಇಲ್ಲೂ ಸಣ್ಣ ಕಂಪ್ಯೂಟರಿಗೆ ಒತ್ತಾಸೆ ಬಂದದ್ದು ಪರಮಾಣು ಪ್ರಯೋಗಾಲಯದಿಂದ ಎಂಬುದನ್ನು ಹುಡುಗರಿಗೆ ಹೇಳಿ.

ಇನ್ನು ಆ ಮಾರಾಟದ 8/ಇ. ತರಗತಿಯ ಪಾಠಕ್ಕಾದರೆ ಬೇಡ. ಎಲೆಕ್ಟ್ರಾನಿಕ್ಸ್ ವಿಭಾಗದ ಒಬ್ಬರು ಒಂದು ವರ್ಷ ಅದರ ಹಿಂದೆ ಬೀಳಲು ಸಿದ್ಧರಿದ್ದರೆ ಮಾತ್ರ ಯೋಚಿಸಿ. ಹಣ ಕಳಿಸುವ ಮುನ್ನ ಬೋರ್ಡುಗಳ ಅಂಚಿನ ಸಂಖ್ಯೆ ಕಾಣುವಂತೆ ಚಿತ್ರ ಕೇಳಿ. ಪ್ರೊಸೆಸರಿಗೆ ಎಂ8300, ಎಂ8310, ಎಂ8330 ಮತ್ತು ಬಸ್‌ನ ಕೊನೆಗೆ ಎಂ8320 ಇರಲೇಬೇಕು. ಟೆಲಿಟೈಪಿಗೆ ಎಂ8650. 4096 ವರ್ಡ್ ಮೆಮೊರಿಗೆ ಜಿ104, ಎಚ್220, ಜಿ227 ಮೂರೂ ಬೇಕು. ಬೋರ್ಡುಗಳ ನೆತ್ತಿಯ ಮೇಲೆ ಕೂರುವ ಎಚ್851 ಎಂಬ ಪುಟ್ಟ ಕನೆಕ್ಟರುಗಳು ಇವೆಯೇ ನೋಡಿ. ಬಿಚ್ಚಿ ಮಾರುವವರ ಕೈಯಲ್ಲಿ ಮೊದಲು ಕಳೆಯುವುದು ಇವೇ, ಇವಿಲ್ಲದೆ ಯಂತ್ರ ಅಲುಗಾಡದು.

ಬಂದ ಕೂಡಲೇ ಪ್ಲಗ್ ಹಾಕಬೇಡಿ. ಅಮೆರಿಕದ ಯಂತ್ರವಾದರೆ ಪವರ್ ಸಪ್ಲೈ 115 ವೋಲ್ಟ್‌ಗೆ ಜೋಡಿಸಿರುತ್ತದೆ, ನಮ್ಮ 230ಕ್ಕೆ ನೇರ ಕೊಟ್ಟರೆ ಅಲ್ಲಿಗೆ ಮುಗಿಯಿತು. ಎಲ್ಲ ಬೋರ್ಡುಗಳನ್ನೂ ಯಾವ ಸೀಳಿನದು ಎಂದು ಬರೆದಿಟ್ಟುಕೊಂಡು ಹೊರಗೆ ತೆಗೆಯಿರಿ. ಸಪ್ಲೈನ ದೊಡ್ಡ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ದಶಕಗಳಿಂದ ಒಣಗಿ ಕೂತಿರುತ್ತವೆ. ಉಬ್ಬಿದ, ಸೋರಿದ ಕೆಪಾಸಿಟರನ್ನು ಬದಲಿಸಿ, ಉಳಿದವಕ್ಕೆ ವೇರಿಯಾಕ್‌ನಿಂದ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರಿನಿಂದ) ಗಂಟೆಗಟ್ಟಲೆ ಸಮಯದಲ್ಲಿ ಸ್ವಲ್ಪಸ್ವಲ್ಪವೇ ವೋಲ್ಟೇಜ್ ಏರಿಸಿ. ಹುಸಿ ಲೋಡ್ ಕೊಟ್ಟು +5, +15, -15 ವೋಲ್ಟ್ ಅಳೆಯಿರಿ. ಬೋರ್ಡಿನ ಚಿನ್ನದ ಅಂಚುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಉಜ್ಜುಕಾಗದ ಮುಟ್ಟಿಸಬೇಡಿ. ಆಮೇಲೆ ಮೆಮೊರಿ ಇಲ್ಲದೆ, ಪ್ರೊಸೆಸರ್ ಮತ್ತು ಫಲಕ ಮಾತ್ರ ಹಾಕಿ ‘ಅಡ್ರೆಸ್ ಲೋಡ್’ ಪರೀಕ್ಷೆ ಮಾಡಿ: ಸ್ವಿಚ್‌ಗಳಲ್ಲಿ 5252, ಆಮೇಲೆ 2525. ವಿಳಾಸದ ದೀಪಗಳು ಹಾಗೇ ಬರಬೇಕು. ಒಂದೇ ದೀಪ ಉರಿಯದಿದ್ದರೆ ಮೊದಲು ಬಲ್ಬನ್ನು ಶಂಕಿಸಿ, ಆಮೇಲೆ ಬಸ್ ಡ್ರೈವರ್ ಚಿಪ್ಪನ್ನು.

ಮೆಮೊರಿ ಹಾಕಿದ ಮೇಲೆ ತಪ್ಪಿನ ರೂಪ ನೋಡಿಯೇ ಜಾಗ ಗುರುತಿಸಬಹುದು. ಎಲ್ಲ ವಿಳಾಸಗಳಲ್ಲೂ ಒಂದೇ ಬಿಟ್ ಕೆಟ್ಟಿದ್ದರೆ ಅದರ ಸೆನ್ಸ್ (ಓದುವ) ಅಥವಾ ಇನ್‌ಹಿಬಿಟ್ (0 ಬರೆಯುವಾಗ ತಡೆಯುವ) ಭಾಗ, ಅಂದರೆ ಜಿ104. ಒಂದು ಕ್ರಮದಲ್ಲಿ ಬರುವ ಕೆಲವು ವಿಳಾಸಗಳಲ್ಲಿ ಮಾತ್ರ ಎಲ್ಲ ಬಿಟ್‌ಗಳೂ ಕೆಟ್ಟಿದ್ದರೆ ಆ ಸಾಲಿನ ಡ್ರೈವರ್, ಅಂದರೆ ಜಿ227, ಇಲ್ಲವೇ ಬಳೆಗಳ ಬೋರ್ಡಿನ ಡಯೋಡ್. ಎಚ್220ರೊಳಗೆ ಕೂದಲೆಳೆಯ ತಂತಿ ತುಂಡಾಗಿದ್ದರೆ ರಿಪೇರಿಯ ಆಸೆ ಬಿಟ್ಟು ಇನ್ನೊಂದು ಹುಡುಕಿ.

ಜೊತೆಗೆ ಎಎಸ್‌ಆರ್-33 ಟೆಲಿಟೈಪ್ ಕೊಡುತ್ತೇನೆ ಎಂದರೆ ಅದರ ಮೋಟಾರಿನ ಫಲಕ ಓದಿ. ಅದು ಸಿಂಕ್ರೊನಸ್ ಮೋಟಾರ್, ಅಮೆರಿಕದ 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮ 50 ಹರ್ಟ್ಸ್‌ನಲ್ಲಿ, ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಸರಿಮಾಡಿದರೂ, ಆರನೇ ಒಂದು ಪಾಲು ನಿಧಾನ ತಿರುಗಿ 110 ಬಾಡ್ ಬದಲು 92ರ ಹತ್ತಿರ ಓಡುತ್ತದೆ, ಕಾಗದದ ಮೇಲೆ ಬರೀ ಕಸ ಬೀಳುತ್ತದೆ. 50 ಹರ್ಟ್ಸ್‌ನ ಗೇರ್ ಜೋಡಿ ಬೇರೆಯೇ ಇದೆ, ಅದನ್ನೂ ಕೇಳಿ ತರಿಸಿ. ಅಚ್ಚಿನ ಸುತ್ತಿಗೆಯ ತುದಿಯ ರಬ್ಬರ್ ಇಷ್ಟು ವರ್ಷದಲ್ಲಿ ಅಂಟಾಗಿ ಕರಗಿರುತ್ತದೆ. ಹಾಗೇ ಓಡಿಸಿದರೆ ಲೋಹ ಲೋಹಕ್ಕೆ ಬಡಿದು ಅಕ್ಷರಗಳ ಉರುಳೆಯೇ ಹಾಳಾಗುತ್ತದೆ, ಮೊದಲು ಅದನ್ನು ಬದಲಿಸಿ.